ಮೊಲದಂತೆ ಅಳುವ ಪೀಪಿ

ಹಳೆಯ ಬಟ್ಟೆಗಳನ್ನು ಯಾರಿಗಾದರೂ ಕೊಡುವ ಮೊದಲು ಜೇಬು ತಡಕಿ ನೋಡಬೇಕು ಎಂದು ಮಗಳಿಗೆ ಕಲಿಸಿದವಳು ನಾನೇ. ಕಲಿಸಿದ ತಪ್ಪಿಗೆ ಕಳೆದ ಭಾನುವಾರ ಅನುಭವಿಸಿದೆ. ಹಾರ್ಲೆಮ್‌ನ ನಮ್ಮ ಮನೆಯ ಅಟ್ಟ ಚಿಕ್ಕದು, ನಮ್ಮ ಸಾಮಾನು ದೊಡ್ಡದು. ಹಳೆ ಸಾಮಾನಿನ ಅಂಗಡಿಗೆ ಒಯ್ಯಲು ಇಬ್ಬರೂ ಬಟ್ಟೆ ಬೇರ್ಪಡಿಸುತ್ತಾ ಕುಳಿತಿದ್ದೆವು. ಒಂಬತ್ತು ವರ್ಷದ ಅದಿತಿ ನನ್ನ ಹಸಿರು ಜಾಕೆಟ್ಟಿನ ಒಳಜೇಬಿಗೆ ಕೈ ಹಾಕಿ, ಹೆಬ್ಬೆರಳಷ್ಟು ಉದ್ದದ ಕಟ್ಟಿಗೆಯ ಪೀಪಿಯೊಂದನ್ನು ಹೊರತೆಗೆದಳು. ಸಿಕ್ಕಿದ್ದನ್ನು ತೋರಿಸಿ ಇದೇನು ಎಂದು ಕೇಳುವ ಮಕ್ಕಳು ಬೇರೆಯವರ ಮನೆಯಲ್ಲಿರುತ್ತಾರೆ. ನಮ್ಮವಳು ಮೊದಲು ಊದುತ್ತಾಳೆ, ಆಮೇಲೆ ಕೇಳುತ್ತಾಳೆ.

ಊದಿದಳು. ಅಟ್ಟವೆಲ್ಲ ಅಳು ತುಂಬಿತು.

ಮೊಲ ಅಳುವುದನ್ನು ನೀವು ಕೇಳಿರಲಾರಿರಿ. ಹುಟ್ಟಿದಾಗಿನಿಂದ ತುಟಿ ಪಿಟಕ್ಕೆನ್ನದ ಪ್ರಾಣಿ ಅದು. ಯಾವುದೋ ಬೇಟೆ ಪ್ರಾಣಿಯ ಹಲ್ಲಿಗೋ ಉರುಲಿನ ತಂತಿಗೋ ಸಿಕ್ಕಿಕೊಂಡಾಗ ಮಾತ್ರ ಬಾಯಿ ಬಿಡುತ್ತದಂತೆ, ಮತ್ತು ಆಗ ಬರುವುದು ಥೇಟು ಎಳೆ ಮಗುವಿನ ಅಳು. ಆ ಅಳುವನ್ನು ಕದ್ದು, ಕಟ್ಟಿಗೆಯಲ್ಲಿ ತೂತು ಕೊರೆದು, ಜೇಬಿನಲ್ಲಿಟ್ಟುಕೊಂಡು ಓಡಾಡುವ ಬುದ್ಧಿ ಮನುಷ್ಯನಿಗೆ ಮಾತ್ರ ಬಂದೀತು. ನಾನು ಎದ್ದವಳೇ ಮಗಳ ಕೈಯಿಂದ ಅದನ್ನು ಕಿತ್ತುಕೊಂಡೆ. ಅವಳ ಬೆರಳು ತರಚಿತು ಅಂತ ಕಾಣುತ್ತದೆ.

"ಯಾಕಮ್ಮಾ ಇಷ್ಟು ಆಂಗ್ರಿ?" ಎಂದಳು.

ಯಾಕೆ ಎಂದು ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ. ನ್ಯಾಯ ನನ್ನ ಕಡೆಗೇ ಇದೆ ಎಂದು ಒಂಬತ್ತು ವರ್ಷ ನಂಬಿಕೊಂಡು ಬಂದವಳ ಮಾತು ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ.

ಆಗ ನಾವು ಎನ್ಸ್‌ಕೆಡೆಯಲ್ಲಿದ್ದೆವು. ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನನ್ನ ಗಂಡ ಸುಧೀರ ದೇಶದ ಇನ್ನೊಂದು ತುದಿಯ ರೈಸ್‌ವೈಕ್‌ನಲ್ಲಿ ಕೆಲಸ ಮಾಡುತ್ತಾ ಶುಕ್ರವಾರ ಸಂಜೆಯ ರೈಲಿಗೆ ಮನೆಗೆ ಬರುತ್ತಿದ್ದ. ಅದಿತಿಗೆ ನಾಲ್ಕು ತಿಂಗಳು. ಬಾಟಲಿ ಕಂಡರೆ ಬಾಯಿ ಬಿಗಿಯುವ ಮಗು. ಅವಳಿಗೆ ನಾನೇ ಬೇಕು. ಇಷ್ಟರ ಮಧ್ಯೆ ನನಗಿದ್ದ ದೊಡ್ಡ ಚಿಂತೆ ಯಾವುದು ಅಂದುಕೊಂಡಿರಿ? ಸಂಶೋಧನೆಯಲ್ಲ. ಡ್ರೈವಿಂಗ್ ಪರೀಕ್ಷೆ.

ಬೆಂಗಳೂರಿನಲ್ಲಿ ಏಳು ವರ್ಷ ಕಾರು ಓಡಿಸಿದವಳು ನಾನು. ಈ ದೇಶದಲ್ಲಿ ಮೂರು ಸಲ ಫೇಲಾಗಿದ್ದೆ. ಮೊದಲ ಸಲ ಸೈಕಲ್‌ನವರಿಗೆ ದಾರಿ ಬಿಡಲಿಲ್ಲವೆಂದು. ಎರಡನೆಯ ಸಲ ಬಿಡಬೇಕಿಲ್ಲದ ಕಡೆ ಬಿಟ್ಟೆನೆಂದು. ಮೂರನೆಯ ಸಲ ಹಾರ್ನ್ ಹೊಡೆದೆನೆಂದು. ಹಾರ್ನ್ ಇಟ್ಟಿರುವುದು ಮತ್ಯಾಕೆ ಸ್ವಾಮಿ? ನಾಲ್ಕನೆಯ ಪರೀಕ್ಷೆ ಮೇ ತಿಂಗಳ ಕೊನೆಯ ಸೋಮವಾರ ಇತ್ತು. ಅದರ ಹಿಂದಿನ ವಾರ ಹಿತ್ತಿಲ ಬೇಲಿಯ ಬಳಿ ನಿಂತು ಪಕ್ಕದ ಮನೆಯ ಹೆಂಕ್ ಹತ್ತಿರ ನನ್ನ ಹಣೆಬರಹ ತೋಡಿಕೊಂಡೆ.

ಹೆಂಕ್ ಹಾಲಿನ ಲಾರಿ ಓಡಿಸಿ ನಿವೃತ್ತರಾದವರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಆ ಸೀಮೆಯಲ್ಲಿ ನೆರೆಯವರಿಗೆ ನೆರವಾಗುವುದು ಮುಲಾಜಿನ ಮಾತಲ್ಲ, ಕಟ್ಟುಪಾಡು. ನನ್ನ ಸೈಕಲ್ ಚೈನು ಕಳಚಿದರೆ ನಾನು ಕೇಳುವ ಮೊದಲೇ ಅವರ ಕೈ ಎಣ್ಣೆಯಾಗಿರುತ್ತಿತ್ತು. ಮಗು ಹುಟ್ಟಿದ ದಿನ ಅವರ ಹೆಂಡತಿ ರಿಯಾ ಒಂದು ಪಾತ್ರೆ ಸೂಪು ತಂದು ಬಾಗಿಲಲ್ಲಿಟ್ಟು ಹೋಗಿದ್ದರು. ಅದರಲ್ಲಿ ಮಾಂಸದುಂಡೆ ಇತ್ತು, ನಾವು ತಿನ್ನುವವರಲ್ಲ ಎಂಬುದು ಬೇರೆ ಮಾತು. ಇಂಥವರ ಮುಂದೆ ನಾನು ಬಾಯಿ ಹರಿಯಬಿಟ್ಟೆ. ನಮ್ಮ ಕಡೆ ಒಳ್ಳೆಯದಾದವರನ್ನು ಕಂಡರೆ ಬೆಳಿಗ್ಗೆ ನರಿ ಮುಖ ನೋಡಿ ಎದ್ದಿರಬೇಕು ಅನ್ನುತ್ತಾರೆ, ನನಗೂ ಒಂದು ನರಿ ಕಾಣಿಸಿದ್ದರೆ ಪಾಸಾಗುತ್ತಿದ್ದೆನೇನೋ ಎಂದೆ.

ಹೆಂಕ್ ನಗಲಿಲ್ಲ. ನನ್ನ ಅಜ್ಜಿಯ ಊರು ಕೋಲಾರದ ಕಡೆ. ಅಲ್ಲಿ ಹಿಂದೆ ಸಂಕ್ರಾಂತಿಗೆ ಬಲೆ ಹಾಕಿ ನರಿ ಹಿಡಿದು, ಅರಿಶಿನ ಕುಂಕುಮ ಹಚ್ಚಿ, ಊರಿಗೆಲ್ಲ ಮುಖ ತೋರಿಸಿ ಬಿಟ್ಟುಬಿಡುತ್ತಿದ್ದರು ಎಂದು ನಾನು ವಿವರಿಸಿದಾಗ ಅವರು ಒಂದೇ ಪ್ರಶ್ನೆ ಕೇಳಿದರು. ನರಿಗೆ ಅದು ಇಷ್ಟವಾಗುತ್ತಿತ್ತಾ? ಆಮೇಲೆ, ಶನಿವಾರ ನಾಲ್ಕೂವರೆಗೆ ಎದ್ದಿರು, ನಿನಗೊಂದು ನರಿ ಕರೆದು ತೋರಿಸುತ್ತೇನೆ ಎಂದರು.

ಕರೆದು ತೋರಿಸುವುದು. ನೀವೇ ಹೇಳಿ, ಈ ಮಾತಿಗೆ ಏನು ಅರ್ಥ ಮಾಡಿಕೊಳ್ಳಬೇಕು? ನನಗೆ ಹೊಳೆದದ್ದು ದರ್ಶನ. ಹೋಗುವುದು, ಅವರು ಕರೆಯುವುದು, ಅದು ಬರುವುದು, ನಾನು ಮುಖ ನೋಡುವುದು, ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ ಮನೆಗೆ ಬಂದು ಮಗುವಿಗೆ ಹಾಲು ಕೊಡುವುದು. ಹಿಂದಿನ ಡಿಸೆಂಬರಿನಲ್ಲಿ ಇದೇ ಹೆಂಕ್ ಚರ್ಮ ಸುಲಿದ ಮೊಲವೊಂದನ್ನು ನಮ್ಮ ಬಾಗಿಲಿಗೆ ತಂದಿದ್ದರು, ನಾನು ಎರಡೂ ಕೈ ಮುಗಿದು ವಾಪಸ್ಸು ಕಳಿಸಿದ್ದೆ. ಆ ಮೊಲ ಹೃದಯಾಘಾತದಿಂದ ಸತ್ತಿರಲಿಲ್ಲ ಎಂಬುದು ಪಿಎಚ್‌ಡಿ ಮಾಡುತ್ತಿದ್ದ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಶನಿವಾರ ಕಾರಿನ ಹಿಂದಿನ ಸೀಟಿನಲ್ಲಿ ಉದ್ದನೆಯ ಚರ್ಮದ ಚೀಲ ಕಂಡಾಗಲೂ, ಬರುವಾಗ ಮೀನಿಗೆ ಗಾಳ ಹಾಕುತ್ತಾರೇನೋ ಅಂದುಕೊಂಡೆ.

ಮಗುವಿಗೆ ನಾಲ್ಕು ಗಂಟೆಗೆ ಹಾಲು ಕೊಟ್ಟಿದ್ದೆ. ಸುಧೀರನ ಪಕ್ಕದಲ್ಲಿ ಮಲಗಿಸಿ, ಏಳಕ್ಕೆಲ್ಲ ಬರುತ್ತೇನೆ ಎಂದು ಹೇಳಿ ಬಂದಿದ್ದೆ.

ಊರಿನಿಂದ ಮೂರು ಕಿಲೋಮೀಟರ್ ಆಚೆ, ಹೈನುಗಾರರೊಬ್ಬರ ಹುಲ್ಲುಗಾವಲು. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಮರದ ಸಾಲು, ಸಾಲಿನ ಬುಡದಲ್ಲಿ ಮೊಣಕಾಲು ಮುಚ್ಚುವ ಹುಲ್ಲು. ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ಉರುಳೆಗಳ ಹಿಂದೆ ಬಿಯರ್ ಕ್ರೇಟ್ ಬೋರಲು ಹಾಕಿ ಕುಳಿತೆವು. ಫೋನ್ ಆಫ್ ಮಾಡು, ಕೆಮ್ಮಬೇಡ, ಅಲುಗಾಡಬೇಡ ಎಂದರು. ಮಾಡಿದೆ. ಆಮೇಲೆ ಚೀಲದಿಂದ ಬಂದೂಕು ಹೊರಬಂತು.

ಇದು ಯಾಕೆ ಎಂದು ನಾನು ಪಿಸುಗುಟ್ಟಿದೆ. ಅವರೂ ಪಿಸುಗುಟ್ಟಿದರು. ಈ ಹುಲ್ಲಿನಲ್ಲಿ ನಮ್ಮ ಟಿಟ್ಟಿಭದ ಜಾತಿಯ ಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಡುತ್ತವೆ, ನರಿ ಒಂದನ್ನೂ ಬಿಡುವುದಿಲ್ಲ, ಹಕ್ಕಿ ಉಳಿಯಬೇಕಾದರೆ ನರಿ ಕಡಿಮೆಯಾಗಬೇಕು, ಅದಕ್ಕೆ ತನಗೆ ಪರವಾನಗಿ ಇದೆ. ಮುಖ ಮೊದಲು ನೀನು ನೋಡು, ಆಮೇಲೆ ನಾನು ಹೊಡೆಯುತ್ತೇನೆ ಎಂದರು. ಒಬ್ಬ ಮನುಷ್ಯ ಇಷ್ಟು ಉಪಕಾರ ಬುದ್ಧಿಯಿಂದ ಇಂಥ ಮಾತನ್ನು ಹೇಳಬಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ನರಿ ಬರುವುದು ಸುಳ್ಳು ಅಂದುಕೊಂಡೆ. ಇಷ್ಟು ದೂರ ಕರೆತಂದವರ ಮನಸ್ಸು ಮುರಿಯುವುದು ಹೇಗೆ ಅಂದುಕೊಂಡೆ. ಇನ್ನೂ ನಿಜ ಹೇಳಬೇಕೆಂದರೆ, ಬಂದರೆ ಮುಖವಾದರೂ ನೋಡೋಣ ಅಂದುಕೊಂಡೆ.

ಅವರು ಪೀಪಿ ಬಾಯಿಗಿಟ್ಟು ಊದಿದರು.

ಆ ಅಳುವಿಗೆ ಮೊದಲು ಓಗೊಟ್ಟ ಪ್ರಾಣಿ ಯಾವುದು ಎಂದು ನಾನು ಕಳೆದ ಭಾನುವಾರದವರೆಗೆ ಯಾರಿಗೂ ಹೇಳಿರಲಿಲ್ಲ. ನರಿಯಲ್ಲ. ನಾನು. ಎರಡನೆಯ ಉಸಿರಿಗೆ ನನ್ನ ಎದೆಯಲ್ಲಿ ಹಾಲು ಇಳಿಯಿತು. ಹಾಲೂಡಿಸಿದ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ. ಮೈಗೆ ಕಿವಿ ಇದೆ, ಬುದ್ಧಿ ಇಲ್ಲ. ಅದು ಮೊಲವಲ್ಲ, ಮಗುವಲ್ಲ, ಅರವತ್ತು ದಾಟಿದ ಗಂಡಸೊಬ್ಬ ಊದುತ್ತಿರುವ ಕಟ್ಟಿಗೆ ಎಂದು ನನಗೆ ಗೊತ್ತಿತ್ತು. ನನ್ನ ಮೈಗೆ ಗೊತ್ತಿರಲಿಲ್ಲ. ಅಂಗಿ ತೊಯ್ದು ಜಾಕೆಟ್ಟಿನ ಒಳಗೆ ತಣ್ಣಗಾಗುತ್ತಾ ಹೋಯಿತು. ನಾನು ಕ್ರೇಟಿನ ಮೇಲೆ ಕೈ ಕಟ್ಟಿಕೊಂಡು ಕುಳಿತೆ. ಅವಮಾನ ಅನ್ನಿಸಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಶುರುವಾದದ್ದು ಅಲ್ಲಿಂದ.

ನಂತರ ಬಂದದ್ದು ಗೂಬೆ. ಸದ್ದೇ ಇಲ್ಲದೆ ಹಿಂದಿನಿಂದ ಬಂದು ಹೆಂಕ್‌ರ ಟೋಪಿಗೆ ಉಗುರು ತಾಗಿಸಿ, ಮೋಸ ಗೊತ್ತಾಗಿ, ನಮ್ಮೆದುರಿನ ಕಂಬದ ಮೇಲೆ ಕುಳಿತು ಇಬ್ಬರ ಮುಖವನ್ನೂ ನೋಡಿತು. ನರಿ ಮುಖ ನೋಡಲು ಹೋದವಳಿಗೆ ಬೆಳ್ಳಂಬೆಳಿಗ್ಗೆ ಗೂಬೆ ಮುಖ. ಅದು ಹೋದ ಮೇಲೆ ಕಾಲುವೆಯ ದಂಡೆಯಿಂದ ಕೊರಳಲ್ಲಿ ಗಂಟೆ ಕಟ್ಟಿಕೊಂಡ ದಪ್ಪನೆಯ ಬೆಕ್ಕೊಂದು ಬಂದು, ಎಡದಿಂದ ಬಲಕ್ಕೆ ನಿಧಾನವಾಗಿ ಅಡ್ಡ ಹಾಯಿತು. ಪರೀಕ್ಷೆಯ ಗತಿ ನನಗೆ ಅಲ್ಲಿಗೇ ತಿಳಿದುಹೋಯಿತು. ಹೆಂಕ್‌ಗೆ ಇದರ ಒಳಮರ್ಮ ಗೊತ್ತಿಲ್ಲದೆ ಗೂಬೆ ಚೆನ್ನಾಗಿತ್ತಲ್ಲವೇ ಎಂದು ಖುಷಿಪಟ್ಟರು.

ಬೆಳಕು ಹರಿದಿತ್ತು. ಅವರು ಮತ್ತೆ ಊದಿದರು. ಈ ಸಲ ಮರದ ಸಾಲಿನ ಬುಡದ ಹುಲ್ಲು ಸೀಳಿಕೊಂಡು ಒಂದು ಜಿಂಕೆ ಬಂತು. ಇಲ್ಲಿನ ಜಿಂಕೆ ಮೇಕೆಯಷ್ಟೇ ಎತ್ತರ, ನಾಚಿಕೆ ಜಾಸ್ತಿ, ಮನುಷ್ಯನ ವಾಸನೆಗೇ ಮಾಯವಾಗುವಂಥದ್ದು. ಇದು ಮಾಯವಾಗಲಿಲ್ಲ. ನಾಯಿಯಂತೆ ಬೊಗಳುತ್ತಾ ನೇರವಾಗಿ ನಮ್ಮ ಕಡೆಗೇ ಓಡಿಬಂತು. ಹತ್ತು ಹೆಜ್ಜೆ ದೂರದಲ್ಲಿ ನಿಂತು ಮುಂಗಾಲಿನಿಂದ ನೆಲ ಒದೆಯಿತು. ಹೆಣ್ಣು ಜಿಂಕೆ. ಕೆಚ್ಚಲು ಕಾಣುತ್ತಿತ್ತು. ಹೆಂಕ್ ಪೀಪಿ ಇಳಿಸಿದರು. ಅದು ಹೋಗಲಿಲ್ಲ. ಅಳು ಎಲ್ಲಿಂದ ಬಂದಿತ್ತೋ ಅಲ್ಲಿಗೇ ದೃಷ್ಟಿ ಇಟ್ಟು, ಒಂದು ಸುತ್ತು ಹಾಕಿ ಮತ್ತೆ ಬಂದು ನಿಂತಿತು. ತನ್ನ ಮರಿಯನ್ನೇ ಯಾರೋ ಇಲ್ಲಿ ಕೊಲ್ಲುತ್ತಿದ್ದಾರೆ ಎಂದು ಅದು ತಿಳಿದಿತ್ತು. ಬಂದೂಕು ಹಿಡಿದವನ ಎದುರಿಗೆ ಬರಿಗೈಯಲ್ಲಿ ಬಂದಿತ್ತು ಅಂತ ಬರೆಯಲು ಹೊರಟೆ, ಜಿಂಕೆಗೆ ಕೈ ಎಲ್ಲಿದೆ. ಆದರೂ ನನಗೆ ಕಂಡದ್ದು ಹಾಗೆಯೇ.

ಅಷ್ಟರಲ್ಲಿ ಹೆಂಕ್ ನನ್ನ ಮೊಣಕೈ ತಟ್ಟಿದರು. ಜಿಂಕೆ ಬಂದ ದಾರಿಯಲ್ಲೇ, ಮರದ ಸಾಲಿನ ಅಂಚಿನಲ್ಲಿ, ನರಿ ನಿಂತಿತ್ತು. ಕಂದು ಮೈ, ಬಿಳಿ ಗಲ್ಲ. ಮುಖ ಪೂರ್ತಿ ಕಂಡಿತು. ಹೆಂಕ್ ಬಂದೂಕು ಎತ್ತಿದರು.

ನಾನು ಎದ್ದು ನಿಂತೆ. ಚಪ್ಪಾಳೆ ತಟ್ಟಿ, ಬಾಯಿಗೆ ಬಂದ ಕನ್ನಡದಲ್ಲಿ, "ಹೋಗ್ರೇ, ಓಡ್ರೇ, ಎಲ್ಲಾ ಮೋಸ" ಎಂದು ಕಿರುಚಿದೆ. ಜಿಂಕೆ ಕಾಲುವೆ ಹಾರಿ ಹೊಲದ ಆಚೆಗೆ ಓಡಿತು. ನರಿ ಹುಲ್ಲಿನೊಳಗೆ ಸೇರಿಕೊಂಡಿತು.

ಹೆಂಕ್ ನಿಧಾನವಾಗಿ ಬಂದೂಕಿನಿಂದ ತೋಟಾ ತೆಗೆದರು. ನಾನು ಅವರಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮಗು ಅಳುತ್ತಿದೆ ಎಂದು ನಂಬಿಸಿ ಕರೆದು, ಬಂದವರನ್ನು ಕೊಲ್ಲುವುದು ಎಂಥ ಗಂಡಸುತನ ಎಂದೆ. ನಿಮಗೆ ನರಿ ಬೇಕಾದರೆ ಹುಡುಕಿಕೊಂಡು ಹೋಗಿ, ತಾಯಿಯ ಕಿವಿಯನ್ನು ಯಾಕೆ ಬಳಸುತ್ತೀರಿ ಎಂದೆ. ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ. ಡಚ್ಚಿಗೆ ಇಂಗ್ಲಿಷು ಬೆರೆಸಿ ಮಾತಾಡುವಾಗ ಅದು ಅವರಿಗೆ ಗೊತ್ತಾಗುವ ಹಾಗೂ ಇರಲಿಲ್ಲ, ನನ್ನ ಸಮಾಧಾನಕ್ಕೆ ಅಷ್ಟೆ. ಅವರು ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕದೆ ಕೇಳುವವರ ಮೇಲೆ ಸಿಟ್ಟು ಇನ್ನಷ್ಟು ಏರುತ್ತದೆ, ಗಮನಿಸಿದ್ದೀರಾ?

"ನರಿ ನಮ್ಮ ಕಡೆ ನೋಡ್ತಿರಲಿಲ್ಲ, ಆ ಹುಲ್ಲಿನ ಕಡೆ ನೋಡ್ತಿತ್ತು. ಮರಿ ಇರೋದು ಅಲ್ಲೇ" ಎಂದರು. "ನಾನು ನರಿ ಹೊಡೀತಿದ್ದೆ. ಈಗ ತಾಯಿ ಆ ಕಡೆ ಹೋಯ್ತು, ನರಿ ಈ ಕಡೆ ಉಳೀತು. ನೀನು ಮಾಡಿದ್ದು ಇದು."

ವಾದದಲ್ಲಿ ಸೋತವರು ಮಾಡುವುದನ್ನೇ ಮಾಡಿದೆ. ಅವರ ಕೈಯಿಂದ ಪೀಪಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡೆ, ನಿಮ್ಮ ಕಾರೂ ಬೇಡ ನೀವೂ ಬೇಡ ಎಂದು ಮೂರು ಕಿಲೋಮೀಟರ್ ನಡೆದೆ. ತಿರುಗಿ ನೋಡಲಿಲ್ಲ. ಮರಿಯ ಕಡೆಗೂ ನೋಡಲಿಲ್ಲ.

ಮನೆಯ ತಿರುವಿನಲ್ಲೇ ಅಳು ಕೇಳಿಸಿತು. ಅದು ಪೀಪಿಯದಲ್ಲ. ಆರು ಗಂಟೆಗೆ ಎದ್ದ ಅದಿತಿ ಬಾಟಲಿ ತಳ್ಳಿ, ಚಮಚ ತಳ್ಳಿ, ದನಿ ಒಡೆದುಹೋಗುವವರೆಗೆ ಅತ್ತಿದ್ದಳು. ಸುಧೀರ ಏಳೆಂಟು ಸಲ ಫೋನ್ ಮಾಡಿದ್ದ. ನನ್ನ ಫೋನ್ ಜೇಬಿನಲ್ಲಿ ಆಫ್ ಆಗಿ, ಪೀಪಿಯ ಪಕ್ಕದಲ್ಲಿ ಮಲಗಿತ್ತು. ಅವನು ಸಾಮಾನ್ಯವಾಗಿ ಕೂಗಾಡುವವನಲ್ಲ, ಆವತ್ತೂ ಕೂಗಾಡಲಿಲ್ಲ. "ನರಿ ಮುಖ ನೋಡಿ ಆಯ್ತಾ? ಈಗ ಇವಳ ಮುಖ ನೋಡು" ಎಂದು ಮಗುವನ್ನು ನನ್ನ ಕೈಗಿಟ್ಟು ಹೊರಗೆ ಹೋದ.

ಸುಳ್ಳು ಅಳುವಿಗೆ ಹಾಲು ಸುರಿಸಿ ಬಂದವಳು ನಿಜವಾದ ಅಳುವಿಗೆ ಒಂದೂವರೆ ಗಂಟೆ ಇರಲಿಲ್ಲ. ಈ ಲೆಕ್ಕವನ್ನು ನಾನು ಪೂರ್ತಿ ಹೆಂಕ್‌ರ ಮೇಲೆ ಹಾಕಿದೆ. ಹಾಗೆ ಹಾಕಿದರೆ ಮನಸ್ಸಿಗೆ ಹಗುರ. ಸೋಮವಾರ ಪರೀಕ್ಷೆಗೆ ಹೋದೆ, ನಾಲ್ಕನೆಯ ಸಲವೂ ಫೇಲಾದೆ, ಅದನ್ನೂ ಅವರ ಮೇಲೇ ಹಾಕಿದೆ. ಆಮೇಲೂ ಅವರು ಬೇಲಿಯಾಚೆಯಿಂದ ತಲೆಯಾಡಿಸುತ್ತಿದ್ದರು, ಹಿಮ ಬಿದ್ದಾಗ ನಮ್ಮ ಬಾಗಿಲಿನ ಹಿಮವನ್ನೂ ಗೋರಿ ಹಾಕುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಪೀಪಿ ಕೊಡು ಎಂದು ಅವರು ಕೇಳಲಿಲ್ಲ, ಮರಿ ಏನಾಯಿತು ಎಂದು ನಾನು ಕೇಳಲಿಲ್ಲ. ಮರುವರ್ಷ ನಾವು ಹಾರ್ಲೆಮ್‌ಗೆ ಬಂದೆವು.

ಇಷ್ಟನ್ನೂ, ಹಾಲಿನ ವಿಷಯವನ್ನೂ ಬಿಡದೆ, ಅಟ್ಟದಲ್ಲಿ ಕುಳಿತು ಮಗಳಿಗೆ ಹೇಳಿದೆ. ನನ್ನ ಸಿಟ್ಟಿಗೆ ಅವಳ ಸಿಟ್ಟೂ ಸೇರುತ್ತದೆ ಎಂದು ಕಾದೆ. ಸಿಟ್ಟು ಬಂತು, ನನ್ನ ಮೇಲೆ.

"ಬಟ್ ಆ ಬೇಬಿ ಜಿಂಕೆ?" ಎಂದಳು. "ಅದರ ಅಮ್ಮ ವಾಪಸ್ ಬಂತಾ?"

"ಗೊತ್ತಿಲ್ಲ ಪುಟ್ಟಾ."

"ಕೇಳ್ಲೇ ಇಲ್ವಾ? ನೈನ್ ಇಯರ್ಸ್?"

ಕೇಳಿದ್ದರೆ ಉತ್ತರ ಬರುತ್ತಿತ್ತು, ಅದಕ್ಕೇ ಕೇಳಲಿಲ್ಲ ಎಂದು ಒಂಬತ್ತು ವರ್ಷದವಳಿಗೆ ಹೇಗೆ ಹೇಳುವುದು? ನನ್ನ ಸಿಟ್ಟು ಅಷ್ಟು ವರ್ಷ ಬಾಳಿದ್ದು ಅದರಡಿಯಲ್ಲಿ ಹೆದರಿಕೆ ಇದ್ದುದರಿಂದ. ನರಿ ಸೇರಿಕೊಂಡ ಆ ಹುಲ್ಲನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ, ಪ್ರತಿ ಸಲವೂ ಹುಲ್ಲಿನ ಹತ್ತಿರ ಹೋಗುವ ಮೊದಲೇ ಹೆಂಕ್‌ರನ್ನು ಬೈದು ತಿರುಗಿ ಬಂದಿದ್ದೇನೆ. ಮಗಳು ನನ್ನ ಫೋನ್ ತಂದು ಮುಂದೆ ಹಿಡಿದಳು. ಹೊಸ ವರ್ಷಕ್ಕೆ ಸುಧೀರ ಪ್ರತಿ ಸಲ ಅವರಿಗೆ ಶುಭಾಶಯ ಕಳಿಸುತ್ತಾನೆ, ನಂಬರು ಇತ್ತು.

ಅದಿತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಹೆಂಕ್ ಎತ್ತಿದರು. ದನಿಗೆ ವಯಸ್ಸಾಗಿತ್ತು. ನಾನು ಕ್ಷೇಮ ಸಮಾಚಾರ ಶುರು ಮಾಡಿ, ಹವಾಮಾನದವರೆಗೆ ಬಂದು, ಆವತ್ತು ಆ ಮರಿ ಎಂದು ತಡವರಿಸಿದೆ.

"ಸಿಕ್ತು" ಎಂದರು. "ನಾನು ಒಂಬತ್ತು ಗಂಟೆವರೆಗೆ ಆ ಹುಲ್ಲಿನ ಅಂಚಲ್ಲೇ ಕೂತಿದ್ದೆ, ನರಿ ಹತ್ತಿರ ಬರದ ಹಾಗೆ. ಕೊನೆಗೆ ತಾಯಿ ಕಾಲುವೆ ಕಡೆಯಿಂದ ಬಂತು. ನಾನು ದೂರ ಸರಿದೆ. ಮರಿ ಎದ್ದು ಹಾಲು ಕುಡೀತು. ನೋಡ್ಕೊಂಡು ಮನೆಗೆ ಬಂದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ ನೀವು?"

"ನೀನು ಕೇಳಲಿಲ್ಲ."

ನೋಡಿದಿರಾ? ಒಂದೇ ಗೋಡೆಯ ಆಚೆ ಕುಳಿತು ಒಂದು ವರ್ಷ, ದೂರದಿಂದ ಎಂಟು ವರ್ಷ, ನಾಲಿಗೆ ತುದಿಯಲ್ಲಿದ್ದ ಒಂದು ಮಾತನ್ನು ಕೇಳಲಿಲ್ಲ ಎಂಬ ಕಾರಣಕ್ಕೆ ಹೇಳದೆ ಇರುವ ಜನ. ನಮ್ಮೂರಿನವರಾಗಿದ್ದರೆ ಬೇಡವೆಂದರೂ ಬಂದು, ಕಾಫಿ ಕುಡಿದು, ನಾಲ್ಕು ಸಲ ಹೇಳಿ ಹೋಗುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಪೀಪಿ ನನ್ನ ಹತ್ತಿರವೇ ಇದೆ, ಕಳ್ಳತನವಾಯಿತು, ಕಳಿಸಿಕೊಡುತ್ತೇನೆ ಎಂದೆ. ಬೇಡ, ಆ ವಾರವೇ ಇನ್ನೊಂದು ತಂದುಕೊಂಡೆ ಎಂದರು. ಅದಕ್ಕೂ ಹೊಟ್ಟೆ ಉರಿಯಿತು. ಆಮೇಲೆ, ಜಿಂಕೆ ಮರಿ ಹಾಕುವ ಕಾಲದಲ್ಲಿ ಮಾತ್ರ ಈಗ ಊದುವುದಿಲ್ಲ ಎಂದರು. ಅದು ನನ್ನಿಂದ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋಡಿ, ಮತ್ತೆ ಕೇಳಲಿಲ್ಲ.

"ಆವತ್ತು ನಾನು ಮನೆಗೆ ಬಂದಾಗ ರಿಯಾ ಹೇಳಿದಳು" ಎಂದರು ಹೆಂಕ್. "ಗೋಡೆ ಆಚೆ ನಿನ್ನ ಮಗು ಬೆಳಿಗ್ಗೆಯಿಂದ ಅಳ್ತಿತ್ತು ಅಂತ. ಕರ್ಕೊಂಡು ಹೋದವನು ನಾನು. ಆಮೇಲೆ ಸುಮ್ಮನಾಯ್ತಾ ಅದು? ನಾನೂ ಕೇಳಲೇ ಇಲ್ಲ."

ಅತ್ತುಬಿಟ್ಟೆ ಅಂತ ಬರೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಫೋನನ್ನು ಅದಿತಿಯ ಕೈಗೆ ಕೊಟ್ಟೆ. ಅವಳು ಡಚ್ಚಿನಲ್ಲಿ ತನ್ನ ಹೆಸರು ಹೇಳಿದಳು, ಅವರ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಂಡಳು. ಕಾಲ ಬಳಿ ಹಸಿರು ಜಾಕೆಟ್ಟು ಜೇಬು ಹೊರಚಾಚಿಕೊಂಡು ಬಿದ್ದಿತ್ತು.

ಆ ಮಗು ನಾನೇ ಎಂದಳು. ಆಮೇಲೆ, ನಾನೂ ಹಾಲು ಕುಡಿದೆನಂತೆ ಎಂದಳು.